ತುಳಸಿಕಟ್ಟೆಯವರೆಗೆ ಹನ್ನೆರಡು ವಾರ: ಸೊಂಟದ ಆಪರೇಷನ್ ಆದ ಹಿರಿಯರಿಗೆ ಮನೆಯಲ್ಲಿ ವ್ಯಾಯಾಮ ಹೇಗೆ?

ಪ್ರಶ್ನೆ: ನಮ್ಮ ಅತ್ತೆಗೆ 76 ವರ್ಷ, ತೂಕ 48 ಕೆ.ಜಿ. ಆರು ವಾರದ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಬಲಗಡೆ ಸೊಂಟದ ಮೂಳೆ ಮುರಿಯಿತು. ಅರ್ಧ ಕೀಲು ಬದಲಿಸುವ ಆಪರೇಷನ್ ಆಗಿದೆ. ಕಾಲಿಗೆ ಪೂರ್ತಿ ಭಾರ ಹಾಕಬಹುದು, ನೆಲದ ಮೇಲೆ ಮಾತ್ರ ಕೂರಬಾರದು ಎಂದು ಡಾಕ್ಟರು ಹೇಳಿದ್ದಾರೆ. ಸಕ್ಕರೆ ಕಾಯಿಲೆಗೂ ಬಿ.ಪಿ.ಗೂ ಮಾತ್ರೆ ತಗೊಳ್ತಾರೆ. ಫಿಸಿಯೋಥೆರಪಿಸ್ಟ್ ಹತ್ತು ದಿನ ಬಂದು, ಮಲಗಿದಲ್ಲೇ ಮಾಡುವ ನಾಲ್ಕು ವ್ಯಾಯಾಮ ಕಲಿಸಿ ಹೋದರು. ಈಗಲೂ ಅದನ್ನೇ ಮಾಡಿಸುತ್ತಿದ್ದೇವೆ. ವಾಕರ್ ಹಿಡಿದು ಬಚ್ಚಲವರೆಗೆ ಹೋಗುತ್ತಾರೆ, ಆದರೆ ಕುರ್ಚಿಯಿಂದ ಏಳಲು ಯಾರಾದರೂ ಹಿಡಿಯಬೇಕು. ನಮ್ಮದು ತೀರ್ಥಹಳ್ಳಿ ಕಡೆಯ ಹಳೇ ಮನೆ. ಮೊದಲಿನ ಹಾಗೆ ಅಂಗಳಕ್ಕೆ ಇಳಿದು ತುಳಸಿಗೆ ನೀರು ಹಾಕಿ ಸುತ್ತು ಬರಬೇಕು ಅನ್ನುವುದೊಂದೇ ಅವರ ಆಸೆ. ಇನ್ನು ಮುಂದೆ ಏನು ಮಾಡಿಸಬೇಕು, ಎಷ್ಟು ಮಾಡಿಸಬೇಕು?

ಉತ್ತರ: ವ್ಯಾಯಾಮದ ಕ್ರಮ ಎಲ್ಲಿಂದ ಶುರುವಾಗಬೇಕು ಎಂಬುದನ್ನು ನಿಮ್ಮ ಅತ್ತೆಯವರೇ ಹೇಳಿಬಿಟ್ಟಿದ್ದಾರೆ. ತುಳಸಿಕಟ್ಟೆಗೆ ಹೋಗಿ ಬರುವುದೆಂದರೆ ಏನೇನು ಎಂದು ಬಿಡಿಸಿ ನೋಡಿ. ಕುರ್ಚಿಯಿಂದ ತಾವಾಗಿ ಏಳಬೇಕು. ಹತ್ತು ಹದಿನೈದು ಮೀಟರ್ ನಡೆಯಬೇಕು. ಹೊಸ್ತಿಲು ದಾಟಬೇಕು. ಜಗಲಿಯ ಮೆಟ್ಟಿಲು ಇಳಿಯಬೇಕು, ಮತ್ತೆ ಹತ್ತಬೇಕು. ಏರುತಗ್ಗಿನ ಅಂಗಳದಲ್ಲಿ ಒಂದು ಕೈಯಲ್ಲಿ ಚೊಂಬು ಹಿಡಿದು ನಡೆಯಬೇಕು. ಕೊನೆಗೆ ಕಟ್ಟೆಯನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು. ಈ ಆರು ಕೆಲಸಗಳೇ ನಿಮ್ಮ ಹನ್ನೆರಡು ವಾರದ ಪಾಠ. ಇವುಗಳಲ್ಲಿ ಯಾವುದಕ್ಕೂ ನೆರವಾಗದ ವ್ಯಾಯಾಮವನ್ನು ಮಾಡಿಸುತ್ತಾ ಅವರ ಶಕ್ತಿ ಖರ್ಚು ಮಾಡಿಸಬೇಡಿ.

ಮಲಗಿದಲ್ಲೇ ಪಾದ ಆಡಿಸುವುದು, ಮಂಡಿ ಒತ್ತುವುದು, ಕಾಲು ಜಾರಿಸುವುದು ಇವೆಲ್ಲ ಆಪರೇಷನ್ ಆದ ಮೊದಲ ವಾರಗಳಿಗೆ ಸರಿ. ಅವುಗಳ ಕೆಲಸ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು, ಸ್ನಾಯುವನ್ನು ಎಚ್ಚರವಾಗಿಡುವುದು. ಆರನೇ ವಾರದಲ್ಲೂ ಅದನ್ನೇ ಮಾಡಿಸಿದರೆ ಕಾಲಿಗೆ ಬಲ ಬರುವುದಿಲ್ಲ, ಯಾಕೆಂದರೆ ಅಷ್ಟು ಸುಲಭದ ಕೆಲಸಕ್ಕೆ ಸ್ನಾಯು ಬೆಳೆಯಬೇಕಾದ ಅಗತ್ಯವೇ ಇಲ್ಲ. ಹಾಸಿಗೆ ಎಷ್ಟು ಬೇಗ ಕಾಲನ್ನು ಕರಗಿಸುತ್ತದೆ ಎಂಬುದಕ್ಕೆ 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಸಾಕ್ಷಿ: ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು ಬರೀ 10 ದಿನ ಮಲಗಿಸಿದ್ದಕ್ಕೆ ಅವರ ಕಾಲುಗಳಲ್ಲಿ ಸುಮಾರು 1 ಕೆ.ಜಿ. ಮಾಂಸಲ ಭಾಗ ಕಡಿಮೆಯಾಗಿತ್ತು. ನಿಮ್ಮ ಅತ್ತೆಯವರು ಮುರಿತ, ಆಪರೇಷನ್, ಊಟ ಸೇರದ ದಿನಗಳು ಎಲ್ಲವನ್ನೂ ದಾಟಿ ಬಂದಿದ್ದಾರೆ. ಹೋಗಿರುವ ಬಲವನ್ನು ವಾಪಸ್ ತರಬೇಕಾದರೆ ಕಾಲಿಗೆ ನಿಜವಾದ ಭಾರ ಬೀಳಬೇಕು, ಆ ಭಾರ ವಾರವಾರವೂ ಸ್ವಲ್ಪ ಸ್ವಲ್ಪ ಏರಬೇಕು. ಹಿರಿಯರ ಪುನಶ್ಚೇತನ ಸೋಲುವುದು ಹೆಚ್ಚಾಗಿ ಇಲ್ಲೇ. ವಯಸ್ಸಾಗಿದೆ ಎಂದು ಕೈ ಬಿಗಿ ಹಿಡಿದು, ಔಷಧಿಯ ಕಾಲುಭಾಗ ಡೋಸ್ ಕೊಟ್ಟು ಗುಣವಾಗಲಿಲ್ಲ ಅಂದ ಹಾಗೆ ಆಗುತ್ತದೆ.

ಶುರು ಮಾಡುವ ಮೊದಲು ಡಾಕ್ಟರಿಗೆ ಕೇಳಬೇಕಾದ್ದು

ಕೀಲನ್ನು ಹಿಂಭಾಗದಿಂದ ತೆರೆದು ಹಾಕಿದ್ದಾರೋ ಪಕ್ಕದಿಂದಲೋ ಎಂದು ಕೇಳಿ, ಡಿಸ್ಚಾರ್ಜ್ ಸಮ್ಮರಿಯಲ್ಲೂ ಇರುತ್ತದೆ. ಹಿಂಭಾಗದಿಂದ ಆಗಿದ್ದರೆ ಕೀಲು ಜಾರದಂತೆ ಮೂರು ಕಟ್ಟುಪಾಡುಗಳಿರುತ್ತವೆ: ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಆ ಕಾಲನ್ನು ಇನ್ನೊಂದು ಕಾಲಿನ ಮೇಲೆ ದಾಟಿಸಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು. ನೆಲದ ಮೇಲೆ ಕೂರಬೇಡಿ ಎಂದಿದ್ದು ಬಹುಶಃ ಮೊದಲನೆಯ ಕಾರಣಕ್ಕೇ. ಇವು ಸಾಮಾನ್ಯವಾಗಿ 6ರಿಂದ 12 ವಾರ ಇರುತ್ತವೆ, ಯಾವಾಗ ಸಡಿಲಿಸಬಹುದು ಎಂಬ ತಾರೀಖನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಪಕ್ಕದಿಂದ ಆಗಿದ್ದರೆ ಕಾಲನ್ನು ಬದಿಗೆ ಎತ್ತುವ ಸ್ನಾಯುವನ್ನು ಬಿಡಿಸಿ ಹೊಲಿದಿರುತ್ತಾರೆ, ಆ ವ್ಯಾಯಾಮ ಯಾವಾಗ ಶುರು ಮಾಡಬಹುದು ಎಂಬುದು ಆಗ ಮುಖ್ಯ ಪ್ರಶ್ನೆ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ: ಮೂಳೆ ಸವೆತಕ್ಕೆ ಔಷಧಿ ಯಾವುದು? ನಿಂತ ಎತ್ತರದಿಂದ ಬಿದ್ದು ಸೊಂಟ ಮುರಿದರೆ ಅದೇ ಆಸ್ಟಿಯೋಪೊರೋಸಿಸ್‌ಗೆ ಪುರಾವೆ, ಬೇರೆ ಪರೀಕ್ಷೆಗೆ ಕಾಯಬೇಕಾಗಿಲ್ಲ. ವರ್ಷಕ್ಕೊಮ್ಮೆ ಕೊಡುವ 5 ಮಿ.ಗ್ರಾಂ. ಜೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಒಂದು ದಾರಿ. ಅದಕ್ಕೆ ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಂ ಮತ್ತು ಕಿಡ್ನಿಯ ಪರೀಕ್ಷೆ ಆಗಬೇಕು. ಬಲ ಬಂದ ಕಾಲಿಗೂ ಟೊಳ್ಳು ಮೂಳೆ ಇದ್ದರೆ ಇನ್ನೊಂದು ಕಡೆ ಮುರಿಯುವ ಭಯ ಹಾಗೇ ಉಳಿಯುತ್ತದೆ.

ಮೊದಲ ದಿನದ ಅಳತೆ

ಒಂದು ನೋಟ್‌ಬುಕ್, ಮೊಬೈಲಿನ ಸ್ಟಾಪ್‌ವಾಚ್, ಅಳತೆ ಟೇಪು ಸಾಕು. ಕುರ್ಚಿಯ ಎತ್ತರ ಅಳೆದು ಬರೆಯಿರಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಿ. ಕೈ ಊರಿದರೆ 'ಕೈ ಊರಿ' ಎಂದೇ ಬರೆಯಿರಿ. ನಿಯಮದ ಪ್ರಕಾರ ಕೈ ಎದೆಯ ಮೇಲಿಟ್ಟು, ಸುಮಾರು 43 ಸೆಂ.ಮೀ. ಕುರ್ಚಿಯಿಂದ ಏಳಬೇಕು. 75–79ರ ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಆ ವಯಸ್ಸಿಗೆ ಕಡಿಮೆ ಎಂದರ್ಥ. ಕೈ ಎದೆಯ ಮೇಲಿಟ್ಟು ಮಾಡುವ ಈ ಪರೀಕ್ಷೆ ಈಗ ಬೇಡ, ಕಟ್ಟುಪಾಡು ಸಡಿಲವಾದ ಮೇಲೆ ಮಾಡಿ.

ನೆಲದ ಮೇಲೆ 4 ಮೀಟರ್ ಗುರುತು ಹಾಕಿ, ಅದಕ್ಕೂ ಒಂದು ಮೀಟರ್ ಹಿಂದಿನಿಂದ ನಡೆಸಿ, ಗುರುತಿನ ನಡುವಿನ ಸಮಯ ಮಾತ್ರ ಬರೆಯಿರಿ. 10 ಸೆಕೆಂಡ್ ತೆಗೆದುಕೊಂಡರೆ ವೇಗ ಸೆಕೆಂಡಿಗೆ 0.4 ಮೀಟರ್. ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆಯಿದ್ದರೆ ನಿಧಾನದ ನಡಿಗೆ ಎಂದು ಏಷ್ಯಾದ ಸಾರ್ಕೊಪೀನಿಯಾ (ವಯಸ್ಸಾದಂತೆ ಸ್ನಾಯು ಸವೆಯುವುದು) ತಜ್ಞರ ಗುಂಪು 2019ರಲ್ಲಿ ಗುರುತಿಸಿದೆ. ಅಷ್ಟು ದೂರದ ಗುರಿ ಈಗ ಬೇಡ. ಇವತ್ತಿನ ಅಂಕಿ ಮುಂದಿನ ತಿಂಗಳ ಅಂಕಿಗಿಂತ ಎಷ್ಟು ಬೇರೆ ಎಂಬುದೇ ನಮಗೆ ಬೇಕಾದ್ದು.

ಬಿ.ಪಿ.ಯನ್ನು ಎರಡು ಸಲ ನೋಡಿ: ಐದು ನಿಮಿಷ ಮಲಗಿದ ಮೇಲೆ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಎದ್ದ ತಕ್ಷಣ ತಲೆ ಸುತ್ತಿ ಬೀಳುವ ಸಾಧ್ಯತೆ ಇದೆ. ಅವರು ಬಚ್ಚಲಲ್ಲಿ ಬಿದ್ದದ್ದು ನೆಲ ಜಾರಿಯೋ, ತಲೆ ಸುತ್ತಿಯೋ ಎಂಬುದನ್ನೂ ನಿಧಾನವಾಗಿ ಕೇಳಿ. ಬಿಸಿನೀರಿನ ಸ್ನಾನವಾದ ಮೇಲೆ ಬಿ.ಪಿ. ಇನ್ನಷ್ಟು ಇಳಿಯುತ್ತದೆ, ಬಿ.ಪಿ. ಮಾತ್ರೆಯೂ ಸೇರಿದರೆ ಕೇಳುವುದೇ ಬೇಡ. ಹಾಗಿದ್ದಲ್ಲಿ ವ್ಯಾಯಾಮದ ಜೊತೆಗೆ ಮಾತ್ರೆಯ ಲೆಕ್ಕವನ್ನೂ ಡಾಕ್ಟರ ಹತ್ತಿರ ಸರಿ ಮಾಡಿಸಬೇಕು. ನಿದ್ದೆ ಮಾತ್ರೆ ಇದ್ದರೆ ಅದನ್ನೂ ತಿಳಿಸಿ.

ಕುರ್ಚಿಯಿಂದ ಏಳುವುದು

ಒಂದೇ ವ್ಯಾಯಾಮಕ್ಕೆ ಸಮಯವಿದೆ ಎಂದಾದರೆ ಇದನ್ನೇ ಮಾಡಿಸಿ. ತೊಡೆ, ಪೃಷ್ಠ, ಮೀನಖಂಡ ಮೂರೂ ಒಟ್ಟಿಗೆ ದುಡಿಯುತ್ತವೆ, ಕಲಿತದ್ದು ಕಮೋಡಿನಿಂದ ಏಳಲೂ ಮಂಚದಿಂದ ಏಳಲೂ ನೇರವಾಗಿ ಒದಗುತ್ತದೆ.

ಕೈ ಇರುವ, ಅಲುಗದ ಮರದ ಕುರ್ಚಿ ಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡ: ಕೂತರೆ ತಗ್ಗುತ್ತದೆ, ಏಳುವಾಗ ಹಿಂದಕ್ಕೆ ಜಾರುತ್ತದೆ. ಮರದ್ದನ್ನೂ ಗೋಡೆಗೆ ತಾಗಿಸಿಯೇ ಇಡಿ. ಕೂರುವ ಜಾಗ ನೆಲದಿಂದ 50–52 ಸೆಂ.ಮೀ. ಬರುವಂತೆ ಗಟ್ಟಿ ಹಲಗೆ ಅಥವಾ ಒತ್ತಿ ತುಂಬಿದ ದಿಂಬು ಹಾಕಿ. ಕೂತಾಗ ಸೊಂಟ ಮಂಡಿಗಿಂತ ಮೇಲಿರಬೇಕು, ಇದೇ ಪರೀಕ್ಷೆ. ಮೆತ್ತನೆ ಸೋಫಾದಲ್ಲಿ ಸೊಂಟ ಹೂತುಹೋಗಿ ಮಂಡಿ ಮೇಲೆ ಬರುತ್ತದೆ, ಅದು ಅಪಾಯ.

ಕ್ರಮ ಹೀಗೆ. ಕುರ್ಚಿಯ ಅಂಚಿಗೆ ಸರಿದು ಬರಲಿ. ಕಟ್ಟುಪಾಡು ಇರುವಷ್ಟು ದಿನ ಬಲಗಾಲು ಅರ್ಧ ಪಾದದಷ್ಟು ಮುಂದಿರಲಿ, ಎಡಗಾಲು ಒಳಗಿರಲಿ. ಎರಡೂ ಕೈ ಕುರ್ಚಿಯ ಕೈಗಳ ಮೇಲೆ. ವಾಕರ್ ಹಿಡಿದು ಎಳೆದುಕೊಂಡು ಏಳಬಾರದು, ಅದು ಮಗುಚಿ ಮೈಮೇಲೆ ಬರುತ್ತದೆ. 'ಒಂದು, ಎರಡು, ಮೂರು' ಎಂದು ಗಟ್ಟಿಯಾಗಿ ಎಣಿಸುತ್ತಾ ಕೈ ಒತ್ತಿ ಎದ್ದು, ಪೂರ್ತಿ ನೆಟ್ಟಗೆ ನಿಂತು ಎರಡು ಉಸಿರು ತೆಗೆದುಕೊಳ್ಳಲಿ. ಕೂರುವಾಗ ಧೊಪ್ಪನೆ ಬೀಳದೆ ನಾಲ್ಕು ಎಣಿಸುವಷ್ಟು ನಿಧಾನ. ಕೂರುವ ಆ ನಿಧಾನದಲ್ಲೇ ಅರ್ಧ ಬಲ ಬರುವುದು. ಹೆಚ್ಚಿನವರು ಏಳುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಕೂರುವುದನ್ನು ಬಿಟ್ಟುಬಿಡುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಬಲಗಾಲು ಮುಂದಿದ್ದರೆ ಭಾರವೆಲ್ಲ ಎಡಗಾಲಿನ ಮೇಲೆ ಬೀಳುತ್ತದೆ. ಶುರುವಿನಲ್ಲಿ ಅದು ಬೇಕಾದದ್ದೇ. ಆದರೆ ನೋವು ಹೋದ ಮೇಲೂ ಅಭ್ಯಾಸಬಲದಿಂದ ಕಾಲು ಮುಂದೆಯೇ ಉಳಿದುಬಿಡುತ್ತದೆ, ನೋಡುವವರಿಗೆ ಚೆನ್ನಾಗಿ ಏಳುತ್ತಿದ್ದಾರೆ ಅನ್ನಿಸುತ್ತದೆ. ಮೂರು ತಿಂಗಳಾದರೂ ಮೆಟ್ಟಿಲು ಹತ್ತುವಾಗ ಬಲಗಾಲು ನಡುಗುತ್ತದೆ, ಯಾಕೆಂದರೆ ಅದು ಒಂದು ದಿನವೂ ದುಡಿದಿಲ್ಲ. ಡಾಕ್ಟರು ಕಟ್ಟುಪಾಡು ಸಡಿಲಿಸಿದ ದಿನವೇ ಎರಡೂ ಪಾದ ಸಮಕ್ಕೆ ತನ್ನಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎರಡೂ ಪಾದದ ತುದಿ ಅದಕ್ಕೇ ತಾಗಲಿ ಎಂದರೆ ಪ್ರತಿಸಲವೂ ನೆನಪಿಸಬೇಕಾಗುವುದಿಲ್ಲ.

ಮೊದಲ ವಾರ 5 ಸಲ, ನಡುವೆ ಎರಡು ನಿಮಿಷ ವಿಶ್ರಾಂತಿ, ಮತ್ತೆ 5 ಸಲ. ಆಮೇಲೆ 8ರ ಎರಡು ಸುತ್ತು, 10ರ ಎರಡು ಸುತ್ತು. ಎರಡು ಸುತ್ತು 10 ಆರಾಮವಾಗಿ ಆಯಿತೆಂದರೆ ಸಂಖ್ಯೆ ಏರಿಸುತ್ತಾ ಹೋಗಬೇಡಿ, ಕೆಲಸವನ್ನು ಕಷ್ಟ ಮಾಡಿ. ಮೊದಲು ಕೈಯ ಆಸರೆ ಕಡಿಮೆ ಮಾಡಿ: ಅಂಗೈ ಬದಲು ಬೆರಳು, ಆಮೇಲೆ ಒಂದೇ ಕೈ, ಆಮೇಲೆ ಕೈ ಎದೆಯ ಮೇಲೆ. ನಂತರ ಎತ್ತರವನ್ನು 2 ಸೆಂ.ಮೀ.ನಂತೆ ಇಳಿಸಿ. ಡಾಕ್ಟರ ಒಪ್ಪಿಗೆ ಸಿಗುವವರೆಗೆ 45ಕ್ಕಿಂತ ಕೆಳಗೆ ಹೋಗಬೇಡಿ. ಕೊನೆಗೆ 1 ಕೆ.ಜಿ. ಅಕ್ಕಿಯ ಚೀಲವನ್ನು ಎದೆಗವಚಿಕೊಂಡು ಏಳುವುದು, ಮುಂದೆ 2 ಕೆ.ಜಿ.

ಎಷ್ಟು ಕಷ್ಟವಾಗಬೇಕು ಎಂದು ತಿಳಿಯಲು ಸೊನ್ನೆಯಿಂದ ಹತ್ತರ ಅಳತೆ ಬಳಸಿ. ಸೊನ್ನೆ ಎಂದರೆ ಸುಮ್ಮನೆ ಕೂತ ಹಾಗೆ, ಹತ್ತು ಎಂದರೆ ಇನ್ನು ಆಗುವುದೇ ಇಲ್ಲ. ಮೊದಲೆರಡು ವಾರ 3–4, ಆಮೇಲೆ 5–6, ಎಂಟನೇ ವಾರದಿಂದ 6–7. ಸುತ್ತಿನ ಕೊನೆಯ ಎರಡು ಸಲ ಕಷ್ಟ ಅನ್ನಿಸಲೇಬೇಕು. 'ಎಷ್ಟು ಬೇಕಾದರೂ ಮಾಡ್ತೀನಿ' ಎನ್ನುವಂತಿದ್ದರೆ ಅದು ವ್ಯಾಯಾಮವಾಗಲಿಲ್ಲ.

ಉಳಿದ ನಾಲ್ಕು

ಅಡುಗೆ ಕಟ್ಟೆ ಅಥವಾ ಕಿಟಕಿಯ ಸರಳು ಹಿಡಿದು ನಿಂತು ಕಾಲನ್ನು ಬದಿಗೆ ಎತ್ತುವುದು. ಕುಂಟುವ ನಡಿಗೆಯನ್ನು ಸರಿಪಡಿಸುವುದು ಇದೇ. ಒಂದು ಗೇಣು ಎತ್ತಿದರೆ ಸಾಕು, ಆದರೆ ಮೈ ಇನ್ನೊಂದು ಪಕ್ಕಕ್ಕೆ ವಾಲಬಾರದು, ಪಾದದ ಬೆರಳು ಹೊರಕ್ಕೆ ತಿರುಗಬಾರದು. ವಾಲಿದರೆ ಸೊಂಟದ ಸ್ನಾಯುವಿಗೆ ಕೆಲಸವೇ ಆಗುವುದಿಲ್ಲ. ಎರಡೂ ಕಾಲಿಗೆ 8ರ ಎರಡು ಸುತ್ತು. ಎಡಗಾಲು ಎತ್ತುವಾಗ ಬಲಗಾಲಿನ ಮೇಲೆ ನಿಂತಿರುತ್ತಾರಲ್ಲ, ಆಪರೇಷನ್ ಆದ ಕಾಲಿಗೆ ಹೆಚ್ಚು ಲಾಭ ಆಗುವುದು ಆಗಲೇ.

ಅಲ್ಲೇ ನಿಂತು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, 10ರ ಎರಡು ಸುತ್ತು.

ಕುರ್ಚಿಯಲ್ಲಿ ಕೂತು ಮಂಡಿ ನೀಡುವುದು, ಕಣಕಾಲಿಗೆ ಭಾರ ಕಟ್ಟಿಕೊಂಡು. ಭಾರದ ಪಟ್ಟಿ ಸಿಗದಿದ್ದರೆ ಉದ್ದ ಬಟ್ಟೆಚೀಲದಲ್ಲಿ ಅರ್ಧ ಕೆ.ಜಿ. ರಾಗಿ ಹೊಲಿದು ಕಟ್ಟಿ. ಅರ್ಧದಿಂದ ಒಂದು, ಒಂದರಿಂದ ಒಂದೂವರೆ ಕೆ.ಜಿ. ಸಕ್ಕರೆ ಕಾಯಿಲೆ ಇರುವುದರಿಂದ ಕಟ್ಟಿದ ಜಾಗದಲ್ಲಿ ಚರ್ಮ ಕೆಂಪಾಗಿದೆಯೇ ಎಂದು ಪ್ರತಿಸಲವೂ ನೋಡಿ. ಪಾದದ ಸ್ಪರ್ಶ ಕಡಿಮೆಯಿದ್ದರೆ ಗಾಯ ಆದದ್ದೇ ಗೊತ್ತಾಗುವುದಿಲ್ಲ.

ಮೆಟ್ಟಿಲಿನ ಅಭ್ಯಾಸ. ನಿಮ್ಮ ಜಗಲಿಯ ಒಂದೊಂದು ಮೆಟ್ಟಿಲನ್ನೂ ಅಳೆಯಿರಿ. ಹಳೇ ಮನೆಗಳಲ್ಲಿ 20 ಸೆಂ.ಮೀ. ಮೀರಿದ ಮೆಟ್ಟಿಲುಗಳು ಸಾಮಾನ್ಯ, ಒಂದರ ಹಾಗೆ ಇನ್ನೊಂದು ಇರುವುದೂ ಇಲ್ಲ. ನೇರ ಅಲ್ಲಿಗೆ ಹೋಗಬೇಡಿ. ಊಟಕ್ಕೆ ಕೂರುವ ಅಗಲದ ಮಣೆ ಇದ್ದರೆ, ಅಲುಗದಿದ್ದರೆ, ಅಡಿಗೆ ರಬ್ಬರ್ ಮ್ಯಾಟ್ ಹಾಕಿ ಅದೇ ಮೊದಲ ಮೆಟ್ಟಿಲು, 4–5 ಸೆಂ.ಮೀ. ಆಮೇಲೆ ಬಡಗಿಯಿಂದ 10 ಮತ್ತು 15 ಸೆಂ.ಮೀ.ಯ ಗಟ್ಟಿ ಹಲಗೆಪೆಟ್ಟಿಗೆ ಮಾಡಿಸಿ, 40 ಸೆಂ.ಮೀ. ಅಗಲ ಇರಲಿ. ಕಟ್ಟೆ ಹಿಡಿದು ಬಲಗಾಲನ್ನು ಅದರ ಮೇಲಿಟ್ಟು ಮೈ ಎತ್ತಬೇಕು. ಕೆಳಗಿರುವ ಎಡಗಾಲಿನಿಂದ ನೆಲ ಒದ್ದು ಹಾರಿದರೆ ಅದು ಕಳ್ಳಾಟ. ನಿಜವಾದ ಮೆಟ್ಟಿಲಲ್ಲಿ ಮಾತ್ರ ಕ್ರಮ ಬೇರೆ: ಹತ್ತುವಾಗ ಗಟ್ಟಿಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಈ ಬಲದ ವ್ಯಾಯಾಮಗಳು ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಟ್ಟು. ಸೋಮವಾರ, ಬುಧವಾರ, ಶುಕ್ರವಾರ ಎಂದಿಟ್ಟುಕೊಳ್ಳಿ. ದಿನಾ ಮಾಡಿಸಿದರೆ ಬೇಗ ಗುಣವಾಗುವುದಿಲ್ಲ, ಸ್ನಾಯು ಕಟ್ಟಿಕೊಳ್ಳುವುದು ಬಿಡುವಿನ ದಿನದಲ್ಲೇ. ತಿಂಡಿಯಾಗಿ ಒಂದು ಗಂಟೆ ಬಿಟ್ಟು, ನೋವಿನ ಮಾತ್ರೆ ಇದ್ದರೆ ಅದಾಗಿ 45 ನಿಮಿಷಕ್ಕೆ ಶುರು ಮಾಡಿ. ಅರ್ಧ ಗಂಟೆ ಸಾಕು. ಖಾಲಿ ಹೊಟ್ಟೆಯಲ್ಲಿ ಬೇಡವೇ ಬೇಡ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಇದ್ದರೆ ಸಕ್ಕರೆ ಕುಸಿದು ನಡುಕ, ಬೆವರು, ತಬ್ಬಿಬ್ಬು ಆಗಬಹುದು. ಆಗ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ ಆ ದಿನ ವ್ಯಾಯಾಮವಿಲ್ಲ.

ಸಮತೋಲನ ದಿನವೂ, ಹತ್ತು ನಿಮಿಷ

ಅಡುಗೆ ಕಟ್ಟೆ ಮುಂದೆ, ಹಿಂದೆ ಕುರ್ಚಿ, ಪಕ್ಕದಲ್ಲಿ ನೀವು. ಪಾದ ಜೋಡಿಸಿ 10 ಸೆಕೆಂಡ್. ಅದಾದರೆ ಒಂದು ಪಾದದ ಹೆಬ್ಬೆರಳ ಪಕ್ಕಕ್ಕೆ ಇನ್ನೊಂದರ ಹಿಮ್ಮಡಿ. ಅದಾದರೆ ಒಂದರ ಹಿಂದೆ ಒಂದು, ನೇರ ಗೆರೆಯಲ್ಲಿ. ಆಪರೇಷನ್ ಆದ ಕಾಲು ನಡುಗೆರೆ ದಾಟಬಾರದು ಎಂಬ ಕಟ್ಟುಪಾಡು ಇರುವವರೆಗೆ ಈ ಕೊನೆಯದು ಬೇಡ. ಮೂರನೆಯ ಭಂಗಿಯಲ್ಲಿ ಕೈ ಬಿಟ್ಟು 10 ಸೆಕೆಂಡ್ ನಿಲ್ಲಲಾಗದವರಿಗೆ ಬೀಳುವ ಅಪಾಯ ಹೆಚ್ಚು, ಅದು ಒಳ್ಳೆಯ ಅಳತೆಗೋಲೂ ಹೌದು. ಕಟ್ಟೆಯನ್ನು ಬಿಗಿಯಾಗಿ ಹಿಡಿದು ನಿಂತರೆ ಕೈ ಕಲಿಯುತ್ತದೆ, ಕಾಲು ಕಲಿಯುವುದಿಲ್ಲ. ಅಂಗೈಯಿಂದ ಎರಡು ಬೆರಳಿಗೆ, ಎರಡು ಬೆರಳಿಂದ ಬರೀ ತಾಗಿಸುವುದಕ್ಕೆ ಬನ್ನಿ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪಿಸಿದ ಮನೆ ವ್ಯಾಯಾಮದ ಕ್ರಮ ಇಂಥದ್ದೇ: ಕಾಲಿನ ಬಲ, ಸಮತೋಲನ, ನಡಿಗೆ. ಅದನ್ನು ಮಾಡಿದ ಹಿರಿಯರಲ್ಲಿ ಬೀಳುವುದು ಸುಮಾರು 35% ಕಡಿಮೆಯಾಗಿದ್ದು ಕಂಡುಬಂದಿದೆ. ಅದರಲ್ಲಿ ಬೇಕಾಗುವ ಸಾಮಾನು ಕಣಕಾಲಿಗೆ ಕಟ್ಟುವ ಭಾರ ಮಾತ್ರ, ಮೆಷಿನ್ ಏನೂ ಇಲ್ಲ.

ನಡಿಗೆ, ವಾಕರ್, ಹೊಸ್ತಿಲು

ಕೈ ಇಳಿಬಿಟ್ಟು ನಿಂತಾಗ ವಾಕರಿನ ಹಿಡಿ ಮಣಿಕಟ್ಟಿನ ಮಡಿಕೆಯ ಎತ್ತರಕ್ಕಿರಬೇಕು. ಹೆಚ್ಚಿದ್ದರೆ ಭುಜ ಮೇಲೇರಿ ಕುತ್ತಿಗೆ ನೋಯುತ್ತದೆ, ಕಡಿಮೆಯಿದ್ದರೆ ಬೆನ್ನು ಬಾಗುತ್ತದೆ. ಅಂಗಡಿಯಿಂದ ತಂದ ಎತ್ತರದಲ್ಲೇ ಬಳಸುತ್ತಿರುವವರೇ ಹೆಚ್ಚು, ಇವತ್ತೇ ನೋಡಿ. ವಾಕರ್, ಬಲಗಾಲು, ಎಡಗಾಲು, ಇದೇ ಕ್ರಮ. ವಾಕರನ್ನು ಒಂದು ಮಾರು ಮುಂದೆ ತಳ್ಳಿ ಹಿಂದಿನಿಂದ ಓಡುವಂತಾಗಬಾರದು, ಪಾದ ವಾಕರಿನ ಹಿಂಗಾಲುಗಳ ನಡುವೆ ಬೀಳಬೇಕು. ಕಾಲಿನ ರಬ್ಬರ್ ಬುಶ್ ಸವೆದಿದ್ದರೆ ಬದಲಿಸಿ.

ಒಂದೇ ಸಲ ಉದ್ದ ನಡೆಸುವುದಕ್ಕಿಂತ ಮೊದಲ ವಾರ 2 ನಿಮಿಷದಂತೆ ದಿನಕ್ಕೆ 4–5 ಸಲ ನಡೆಸಿ. ಎರಡನೆಯ ವಾರ 3 ನಿಮಿಷ. ಹೀಗೆ ವಾರಕ್ಕೊಂದು ನಿಮಿಷ ಏರಿಸಿದರೆ ಹನ್ನೆರಡನೇ ವಾರದ ಹೊತ್ತಿಗೆ 13 ನಿಮಿಷ ಒಂದೇ ಬಾರಿಗೆ ನಡೆಯುತ್ತಾರೆ. ಊಟಕ್ಕೆ ಬರುವುದು, ದೇವರ ಮನೆಗೆ ಹೋಗುವುದು ಎಲ್ಲವೂ ಲೆಕ್ಕಕ್ಕೆ ಸೇರುತ್ತದೆ. ಊಟವನ್ನು ಹಾಸಿಗೆಗೆ ತಂದು ಕೊಡುವುದನ್ನು ಇವತ್ತೇ ನಿಲ್ಲಿಸಿ. 'ನೀವು ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೀನಿ' ಅನ್ನುವ ಪ್ರೀತಿಯ ಮಾತು ದಿನಕ್ಕೆ ಇಪ್ಪತ್ತು ಸಲ ಏಳುವ ಅವಕಾಶವನ್ನು ಕಸಿಯುತ್ತದೆ. ತರಕಾರಿಯನ್ನು ಕಟ್ಟೆಯ ಮುಂದೆ ನಿಂತು ಐದು ನಿಮಿಷ ಹೆಚ್ಚಲಿ, ಅದೂ ವ್ಯಾಯಾಮವೇ.

ಹಿಡಿದು ಎಬ್ಬಿಸಲೇಬೇಕಾದಾಗ ಕೈ ಹಿಡಿದೋ ಕಂಕುಳಿಗೆ ಕೈ ಹಾಕಿಯೋ ಎಳೆಯಬೇಡಿ, ಭುಜದ ಕೀಲು ಹೋಗುತ್ತದೆ. ಸೊಂಟಕ್ಕೆ ಅಗಲದ ಬಟ್ಟೆ ಪಟ್ಟಿ ಬಿಗಿದು, ಬಲಗಡೆ ಸ್ವಲ್ಪ ಹಿಂದೆ ನಿಂತು ಅದನ್ನು ಹಿಡಿಯಿರಿ. ಬೀಳುವಂತಾದರೆ ಮೇಲೆತ್ತಲು ಹೋಗದೆ ನಿಮ್ಮ ತೊಡೆಗೆ ಆನಿಸಿಕೊಂಡು ನಿಧಾನ ಕೆಳಗೆ ಕೂರಿಸಿ.

ಹೊಸ್ತಿಲು 10 ಸೆಂ.ಮೀ. ಎತ್ತರವಿದ್ದರೆ, ಎರಡೂ ಕಡೆ 120 ಸೆಂ.ಮೀ. ಉದ್ದದ ಇಳಿಜಾರು ಹಲಗೆ ಬೇಕು, ಅಂದರೆ ಎತ್ತರದ ಹನ್ನೆರಡು ಪಟ್ಟು. ಅದಕ್ಕಿಂತ ಗಿಡ್ಡ ಹಲಗೆ ಹಾಕಿದರೆ ಕಡಿದಾಗಿ ವಾಕರ್ ಜಾರುತ್ತದೆ. ಹೊಸ್ತಿಲಿಗೆ ಮೊಳೆ ಹೊಡೆಯಬೇಕಿಲ್ಲ, ಪೂಜೆಗೆ ತೆಗೆದಿಡುವಂತೆಯೇ ಮಾಡಿಸಬಹುದು. ಅಷ್ಟು ಜಾಗವಿಲ್ಲದಿದ್ದರೆ ಬಾಗಿಲ ದಾರಂದಕ್ಕೆ ಗಟ್ಟಿ ಹಿಡಿಕೆ ಹಾಕಿಸಿ, ದಾಟುವುದನ್ನು ಫಿಸಿಯೋಥೆರಪಿಸ್ಟ್ ಎದುರಿಗೇ ಅಭ್ಯಾಸ ಮಾಡಿಸಿ. ಎರಡು ವಾರಕ್ಕೊಮ್ಮೆಯಾದರೂ ಅವರನ್ನು ಕರೆಸಿ ಭಾರ ಏರಿಸಿಕೊಳ್ಳುವುದು, ದಿನಾ ಕರೆಸಿ ಅದದೇ ಮಾಡಿಸುವುದಕ್ಕಿಂತ ಹೆಚ್ಚು ಉಪಯುಕ್ತ.

ಬಚ್ಚಲಿಗೆ ಕೈ ಹಿಡಿಕೆ ಹಾಕಿಸುವಾಗ ಒಂದು ಎಚ್ಚರ: ಮಣ್ಣಿನ ಗೋಡೆಗೆ, ಸಡಿಲ ಗಾರೆಗೆ ಹಿಡಿಕೆಯ ಬೋಲ್ಟು ನಿಲ್ಲುವುದಿಲ್ಲ, ಜೋತು ಬಿದ್ದ ದಿನವೇ ಕಿತ್ತು ಬರುತ್ತದೆ. ಅಂಥಲ್ಲಿ ನೆಲಕ್ಕೆ ಕಾಂಕ್ರೀಟ್ ಹಾಕಿ ಕಬ್ಬಿಣದ ಪೈಪು ನಿಲ್ಲಿಸಿ. ಗಾಳಿ ಒತ್ತಿ ಅಂಟಿಸುವ ಹಿಡಿಕೆಗಳನ್ನು ನಂಬಬೇಡಿ. ಸ್ನಾನಕ್ಕೆ ಎತ್ತರದ ಕುರ್ಚಿ, ಶೌಚಕ್ಕೆ ಕಮೋಡ್ ಕುರ್ಚಿ. ಎಣ್ಣೆ ಹಚ್ಚಿ ತಿಕ್ಕುವುದು ಬೇಕೆನಿಸಿದರೆ ಮೃದುವಾಗಿ ಆಗಲಿ, ಗಾಯದ ಮೇಲೆ ಬೇಡ, ಅಂಗಾಲಿನಲ್ಲಿ ಎಣ್ಣೆ ಉಳಿಯಬಾರದು. ಕೀಲನ್ನು ಎಳೆದು ಮಡಚಿ ಸಡಿಲ ಮಾಡುತ್ತೇವೆ ಎನ್ನುವವರ ಕೈಗೆ ಕಾಲು ಕೊಡಬೇಡಿ.

ಊಟದ ಲೆಕ್ಕ

ಪ್ರೋಟೀನ್ ಇಲ್ಲದೆ ಈ ವ್ಯಾಯಾಮವೆಲ್ಲ ಅರ್ಧ ವ್ಯರ್ಥ. ಚೇತರಿಸಿಕೊಳ್ಳುವ ಹಿರಿಯರಿಗೆ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ಬೇಕು. 48 ಕೆ.ಜಿ.ಗೆ ಕಡಿಮೆಯೆಂದರೂ 58 ಗ್ರಾಂ. ಮೂರು ಹೊತ್ತಿಗೆ ಸೇರಿ 200 ಗ್ರಾಂ ಅಕ್ಕಿ, 30 ಗ್ರಾಂ ತೊಗರಿಬೇಳೆಯ ಸಾರು, ಕಾಫಿಯ ಹಾಲು, ಒಂದಿಷ್ಟು ಮಜ್ಜಿಗೆ ಎಂದರೆ 30–33 ಗ್ರಾಂ ಆದೀತು. ಉಳಿದ 25 ಗ್ರಾಮನ್ನು ಹೀಗೆ ತುಂಬಬಹುದು: 30 ಗ್ರಾಂ ಹೆಸರುಕಾಳು ಬೇಯಿಸಿ ಉಸಲಿ, 7 ಗ್ರಾಂ. ಹಾಲಿಗೆ 20 ಗ್ರಾಂ ಕೆನೆರಹಿತ ಹಾಲಿನ ಪುಡಿ, 7 ಗ್ರಾಂ. 25 ಗ್ರಾಂ ಹುರಿಗಡಲೆ ಚಟ್ನಿಪುಡಿಯಾಗಿಯೋ ಹಾಗೆಯೋ, 5 ಗ್ರಾಂ. ಒಂದು ಬಟ್ಟಲು ಗಟ್ಟಿ ಮೊಸರು, 5–6 ಗ್ರಾಂ. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ 6 ಗ್ರಾಂ, ಲೆಕ್ಕ ಸುಲಭವಾಗುತ್ತದೆ. ಮಧ್ಯಾಹ್ನಕ್ಕೇ ಎಲ್ಲವನ್ನೂ ಸೇರಿಸದೆ ಮೂರು ಹೊತ್ತಿಗೂ ಹಂಚಿ, ಬೆಳಗಿನ ತಿಂಡಿಯಲ್ಲೇ ಕೊರತೆ ಹೆಚ್ಚು. ಸಕ್ಕರೆ ಕಾಯಿಲೆ ಇರುವುದರಿಂದ ಕ್ರಿಯಾಟಿನಿನ್ ನೋಡಿಸಿ. ಕಿಡ್ನಿ ತೀರಾ ದುರ್ಬಲವಾಗಿದ್ದರೆ ಈ ಲೆಕ್ಕ ಬದಲಾಗುತ್ತದೆ.

ನೋವು ಬಂದರೆ

ವ್ಯಾಯಾಮ ಮಾಡುವಾಗ ಹತ್ತರಲ್ಲಿ ನಾಲ್ಕರವರೆಗಿನ ನೋವು, ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ, ತೊಂದರೆಯಿಲ್ಲ. ಇಳಿಯದಿದ್ದರೆ ಮುಂದಿನ ಸಲ ಸುತ್ತನ್ನು ಅರ್ಧ ಮಾಡಿ, ನಿಲ್ಲಿಸಬೇಡಿ. ಜ್ವರವೋ ಮದುವೆಮನೆಯೋ ಆಗಿ ಒಂದು ವಾರ ತಪ್ಪಿದರೆ ಬಿಟ್ಟಲ್ಲಿಂದ ಶುರು ಮಾಡದೆ ಎರಡು ವಾರ ಹಿಂದಿನ ಹಂತದಿಂದ ಹಿಡಿಯಿರಿ.

ಕೆಲವಕ್ಕೆ ಕಾಯಬಾರದು. ಮೀನಖಂಡ ಊದಿ ಬಿಸಿಯಾಗಿ ನೋಯುವುದು, ಗಾಯ ಕೆಂಪಾಗಿ ಸೋರುವುದು, ಭಾರ ಹಾಕಿದಾಗ ತೊಡೆಸಂದಿನಲ್ಲಿ ಹೊಸದಾಗಿ ಚುಚ್ಚುವ ನೋವು: ಅದೇ ದಿನ ಆಸ್ಪತ್ರೆಗೆ. ಹಠಾತ್ ಉಸಿರುಗಟ್ಟುವುದು, ಎದೆನೋವು, ಕಾಲು ಗಿಡ್ಡವಾಗಿ ಪಾದ ತಿರುಗಿಕೊಂಡು ನಿಲ್ಲಲಾಗದಿರುವುದು, ನಿನ್ನೆವರೆಗೆ ಚೆನ್ನಾಗಿದ್ದವರು ಇವತ್ತು ಗುರುತು ತಪ್ಪಿ ಮಾತಾಡುವುದು: 108ಕ್ಕೆ ಕರೆ ಮಾಡಿ.

ಭಯವನ್ನೂ ನೋವಿನಷ್ಟೇ ಗಂಭೀರವಾಗಿ ನೋಡಬೇಕು. ಒಮ್ಮೆ ಬಿದ್ದವರು ಮೈ ಬಿಗಿ ಹಿಡಿದು, ಕಣ್ಣನ್ನು ನೆಲಕ್ಕೇ ನೆಟ್ಟು, ಗೇಣು ಗೇಣು ಹೆಜ್ಜೆ ಇಡುತ್ತಾರೆ. ಆ ಬಿಗಿತವೇ ಮತ್ತೆ ಬೀಳಿಸುತ್ತದೆ. 'ಹೆದರಬೇಡಿ' ಎಂದರೆ ಹೋಗುವುದಿಲ್ಲ. ನೋಟ್‌ಬುಕ್ಕಿನ ಅಂಕಿ ತೋರಿಸಿ: ಹೋದ ತಿಂಗಳು 4, ಈಗ 9.

ತುಳಸಿಕಟ್ಟೆ

ಮೂರು ಗುರುತು ನೋಡಿ ವಾಕರಿನಿಂದ ಕೋಲಿಗೆ ಬನ್ನಿ: ಕೈ ಊರದೆ ಎಂಟು ಸಲ ಏಳುತ್ತಾರೆ, ಬೆರಳು ತಾಗಿಸಿ ಬಲಗಾಲಲ್ಲೇ ಐದು ಸೆಕೆಂಡ್ ನಿಂತಾಗ ಸೊಂಟ ಇನ್ನೊಂದು ಕಡೆಗೆ ಜೋಲುವುದಿಲ್ಲ, ವಾಕರಿಗೆ ಭಾರ ಹಾಕದೆ ಹತ್ತು ಹೆಜ್ಜೆ ಇಡುತ್ತಾರೆ. ಕೋಲು ಎಡಗೈಯಲ್ಲಿರಬೇಕು, ಆಪರೇಷನ್ ಆದ ಕಾಲಿನ ಎದುರು ಬದಿಗೆ. ಬಲಗೈಯಲ್ಲಿ ಹಿಡಿದರೆ ಸೊಂಟದ ಭಾರ ಇಳಿಯುವುದೇ ಇಲ್ಲ. ಹಾಗಾಗಿ ಚೊಂಬು ಬಲಗೈಗೆ ಬರುತ್ತದೆ. ಒಳಗಡೆಯೇ ಖಾಲಿ ಚೊಂಬಿನಿಂದ ಶುರು ಮಾಡಿ, ಅರ್ಧ ತುಂಬಿಸಿ, ಆಮೇಲೆ ಮುಕ್ಕಾಲು. ನೀರು ಚೆಲ್ಲಿದರೆ ಹೆಜ್ಜೆ ಎಲ್ಲಿ ತೂಗಾಡಿತು ಎಂದು ನೆಲವೇ ತೋರಿಸುತ್ತದೆ, ಒರೆಸಿ ಮತ್ತೆ ನಡೆಸಿ.

ಸುತ್ತು ಬರುವುದರಲ್ಲಿ ಒಂದು ಅಪಾಯವಿದೆ. ಪ್ರದಕ್ಷಿಣೆಯಲ್ಲಿ ಮೈ ಸದಾ ಬಲಕ್ಕೆ ತಿರುಗುತ್ತಿರುತ್ತದೆ. ಬಲಪಾದವನ್ನು ನೆಲಕ್ಕೆ ಊರಿಕೊಂಡೇ ಮೈಯನ್ನು ಬಲಕ್ಕೆ ತಿರುವಿದರೆ, ಆ ಸೊಂಟದ ಕೀಲು ಒಳಕ್ಕೆ ತಿರುಚಿಕೊಳ್ಳುತ್ತದೆ. ಹಿಂಭಾಗದಿಂದ ಆದ ಆಪರೇಷನ್‌ಗೆ ಇರುವ ಮೂರನೆಯ ಕಟ್ಟುಪಾಡು ಬೇಡ ಎನ್ನುವ ಚಲನೆ ಇದೇ. ಕಾಲು ಊರಿ ತಿರುಗದೆ, ಎತ್ತಿ ಎತ್ತಿ ಸಣ್ಣ ಹೆಜ್ಜೆ ಇಡಬೇಕು. ಮನೆಯೊಳಗೆ ಒಂದು ಸ್ಟೂಲ್ ನಡುವೆ ಇಟ್ಟು, ಅದರ ಸುತ್ತ ಎರಡು ಮೂರು ವಾರ ಇದನ್ನು ರೂಢಿ ಮಾಡಿಸಿ. ಒಂದು ಸುತ್ತಿಗೆ ಕಡಿಮೆಯೆಂದರೂ 12 ಹೆಜ್ಜೆ ಬೇಕು, ಆರೇಳರಲ್ಲಿ ಮುಗಿಸಿದರೆ ಪಾದ ತಿರುಚುತ್ತಿದೆ ಎಂದೇ ಲೆಕ್ಕ.

ಅಂಗಳಕ್ಕೆ ಇಳಿಯುವ ಮೊದಲ ದಿನ ಹಿಮ್ಮಡಿಗೆ ಪಟ್ಟಿ ಇರುವ, ರಬ್ಬರ್ ಅಡಿಯ ಚಪ್ಪಲಿ ಹಾಕಿಸಿ. ಹವಾಯಿ ಚಪ್ಪಲಿ ಬೇಡ. ಸೀರೆಯ ನೆರಿಗೆ ಕಣಕಾಲಿಗಿಂತ ನಾಲ್ಕು ಬೆರಳು ಮೇಲಿರಲಿ. ಜಗಲಿ ಮೆಟ್ಟಿಲಿಗೆ ಒಂದು ಕಡೆಯಾದರೂ ಪೈಪಿನ ಹಿಡಿಕೆ ಹಾಕಿಸಿರಬೇಕು, ಮೆಟ್ಟಿಲಲ್ಲಿರುವಾಗ ಚೊಂಬು ನಿಮ್ಮ ಕೈಯಲ್ಲಿರಲಿ. ಕಟ್ಟೆಯ ಸುತ್ತಲಿನ ಕಲ್ಲಿಗೆ ಹಿಂದಿನ ದಿನವೇ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ಪಾಚಿ ತೆಗೆದು, ತೊಳೆದು ಒಣಗಿಸಿ. ಕಟ್ಟೆಯಿಂದ ಎರಡು ಹೆಜ್ಜೆ ದೂರದಲ್ಲಿ ಗಟ್ಟಿ ಕುರ್ಚಿ ಇಡಿ, ದಣಿದರೆ ಕೂರಲು. ಮೊದಲ ವಾರ ಒಂದೇ ಸುತ್ತು. ಮಳೆ ಹಿಡಿದ ದಿನ ಅಂಗಳ ಬೇಡ: ಜಗಲಿಯ ಮೇಲೆ ಕುಂಡದಲ್ಲಿ ಒಂದು ತುಳಸಿ ಇಟ್ಟುಕೊಂಡರೆ ಅದರ ಸುತ್ತಲೇ ಅಷ್ಟೇ ಹೆಜ್ಜೆ ಹಾಕಬಹುದು.